ಗಾಳಿಯ ಖಾತೆ: ಯಾರ ಹೆಸರಿನಲ್ಲಿ ಎಷ್ಟು ಬಾಕಿ?

(ಸಂಘದ ರಜತ ಮಹೋತ್ಸವದ ನಿಮಿತ್ತ ಜರುಗಿದ ರೈತ ಗೋಷ್ಠಿಯಲ್ಲಿ ಸಂಘದ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ನಾವು ಓದಿದ್ದು ಎಸ್.ಎಸ್.ಎಲ್.ಸಿ. ತನಕ. ಅದರಲ್ಲಿಯೂ ವಿಜ್ಞಾನದಲ್ಲಿ ಪಾಸಾದದ್ದು ದೇವರ ದಯೆಯಿಂದ. ಅಂಥವರಿಗೆ ‘ಭೂಮಿ ಯಾಕೆ ಕಾಯುತ್ತಿದೆ’ ಎಂಬ ವಿಷಯ ಕೊಟ್ಟು ಮಾತಾಡಿರಿ ಎಂದು ಅಧ್ಯಕ್ಷರು ಹೇಳಿದಾಗ ನಾವು ಹಿಂದೆ ಸರಿದೆವು. ಅವರು ಬಿಡಲಿಲ್ಲ. “ನೀವು ಇಪ್ಪತ್ತು ವರ್ಷದಿಂದ ಸಂಘದ ಲೆಕ್ಕ ನೋಡ್ಕೋತ ಬಂದೀರಿ. ಇದೂ ಒಂದು ಲೆಕ್ಕನಽ ಐತಿ, ಹೇಳ್ರಿ” ಎಂದರು. ಆ ಮಾತು ನಮ್ಮ ಮನಸ್ಸಿಗೆ ಹಿಡಿಯಿತು. ಪಕ್ಕದ ಬಾಗೇವಾಡಿಯಲ್ಲಿ ಹುಟ್ಟಿದ ಬಸವಣ್ಣನವರೂ ಬಿಜ್ಜಳನ ಭಂಡಾರದ ಲೆಕ್ಕ ನೋಡಿದವರೇ. ಲೆಕ್ಕ ಸರಿಯಾಗಿ ಇಡುವುದೂ ಒಂದು ಕಾಯಕ. ಆದ್ದರಿಂದ ಇಂದು ಗಾಳಿಯ ಖಾತೆ ಪುಸ್ತಕ ಬಿಚ್ಚಿ, ಯಾರ ಹೆಸರಿನಲ್ಲಿ ಎಷ್ಟು ಬಾಕಿ ಇದೆ ಎಂದು ನಮಗೆ ತಿಳಿದಷ್ಟು ಓದಿ ಹೇಳುತ್ತೇವೆ.

ಮೊದಲು ಒಂದು ಪ್ರಸಂಗ. ಹೋದ ವರ್ಷ ಬ್ಯಾಸಗಿಯಲ್ಲಿ ಬಸ್ ಸ್ಟ್ಯಾಂಡಿನ ಕಟ್ಟೆಯ ಮೇಲೆ ಕೂತಿದ್ದಾಗ ನಮ್ಮೂರ ಹಿರಿಯರೊಬ್ಬರು ಕೂಡಗಿಯ ಕಡೆ ಕೈ ಮಾಡಿ, “ತಮ್ಮಾ, ಅಲ್ಲಿ ಆ ಬೆಳ್ಳಾನ ಹೊಗಿ ಏಳ್ತೈತಲ್ಲ, ಅದಽ ನೋಡು ನಮ್ಮ ಮಳಿ ಓಡಿಸೂದು” ಎಂದರು. ನಾವು, “ಕಾಕಾ, ಆ ಬೆಳ್ಳಾಂದು ಹೊಗಿ ಅಲ್ಲ, ನೀರಿನ ಉಗಿ. ಭೂಮಿ ಕಾಯಿಸೂದು ನಿಮ್ಮ ಕಣ್ಣಿಗೆ ಕಾಣೂದಿಲ್ಲ” ಎಂದೆವು. ಅವರು ನಮ್ಮನ್ನು ಕೆಳಗಿಂದ ಮೇಲೆ ನೋಡಿ, “ಕಾಣಲಾರದ್ದು ನಿನಗ ಹೆಂಗ ಕಂಡಿತು?” ಎಂದು ಕೇಳಿದರು. ಕೂತವರೆಲ್ಲ ನಕ್ಕರು. ಆ ಹಿರಿಯರು ಈಗ ಮುಂದಿನ ಸಾಲಿನಲ್ಲಿಯೇ ಕೂತಿದ್ದಾರೆ. ಅವರ ಪ್ರಶ್ನೆಗೆ ಇದು ನಮ್ಮ ಉತ್ತರ.

ಚಳಿಗಾಲದಲ್ಲಿ ಹೊಲ ಕಾಯಲು ಹೋದಾಗ ಕಂಬಳಿ ಹೊದ್ದು ಮಲಗುತ್ತೇವೆ. ಕಂಬಳಿ ತಾನಾಗಿ ಬೆಂಕಿ ಕೊಡುವುದಿಲ್ಲ. ನಮ್ಮ ಮೈಯ ಕಾವು ಹೊರಗೆ ಹೋಗದಂತೆ ಹಿಡಿದಿಡುತ್ತದೆ. ಭೂಮಿಗೂ ಹಾಗೆಯೇ ಗಾಳಿಯ ಕಂಬಳಿ ಇದೆ. ಬಿಸಿಲು ಬಿದ್ದು ನೆಲ ಕಾಯುತ್ತದೆ. ಆ ಕಾವು ಮರಳಿ ಆಕಾಶಕ್ಕೆ ಹೋಗುವಾಗ ಗಾಳಿಯಲ್ಲಿನ ಕೆಲವು ಅನಿಲಗಳು ಅದನ್ನು ತಡೆದು ಹಿಡಿಯುತ್ತವೆ. ಪಾಲಿಹೌಸಿನೊಳಗೆ ಕಾವು ಉಳಿಯುವಂತೆ ಇವುಗಳಿಂದ ಭೂಮಿಯ ಮೇಲೆ ಕಾವು ಉಳಿಯುವುದರಿಂದ ಇವುಗಳಿಗೆ ಹಸಿರುಮನೆ ಅನಿಲಗಳು ಎಂದು ಹೆಸರು. ಈ ಕಂಬಳಿ ಇರದಿದ್ದರೆ ಭೂಮಿಯ ಸರಾಸರಿ ಉಷ್ಣತೆ ಸೊನ್ನೆಗಿಂತ 18 ಡಿಗ್ರಿ ಕೆಳಗೆ ಇರುತ್ತಿತ್ತು. ಜೋಳವೂ ಇಲ್ಲ, ತೊಗರಿಯೂ ಇಲ್ಲ, ನಾವೂ ಇಲ್ಲ. ಕಂಬಳಿ ಬೇಕು. ಆದರೆ ಬ್ಯಾಸಗಿಯಲ್ಲಿ ಮಲಗಿದವನ ಮೇಲೆ ಒಂದರ ಮೇಲೊಂದು ಹೊದಿಸುತ್ತಾ ಹೋದರೆ ಏನಾದೀತು? ಈಗ ಆಗುತ್ತಿರುವುದು ಅದು.

ಈ ಅನಿಲಗಳಲ್ಲಿ ಮುಖ್ಯವಾದವು ಮೂರು. ನಾವು ಸಂಘದವರು, ನಮಗೆ ಸಾಲದ ಭಾಷೆಯಲ್ಲಿಯೇ ತಿಳಿಯುವುದು.

ಒಂದನೆಯದು ಇಂಗಾಲದ ಡೈಆಕ್ಸೈಡ್. ಕಲ್ಲಿದ್ದಲು, ಡೀಸೆಲ್, ಪೆಟ್ರೋಲ್ ಸುಟ್ಟಾಗ ಬರುವುದು. ಇದು ದೀರ್ಘಾವಧಿ ಸಾಲ. ಇಂದು ಬಿಟ್ಟದ್ದರಲ್ಲಿ ಒಂದು ಪಾಲು ನಮ್ಮ ಮೊಮ್ಮಕ್ಕಳ ಮೊಮ್ಮಕ್ಕಳ ಕಾಲಕ್ಕೂ ಗಾಳಿಯಲ್ಲಿ ಉಳಿದಿರುತ್ತದೆ. ಎರಡನೆಯದು ಮಿಥೇನ್. ದನಕರುಗಳ ಹೊಟ್ಟೆಯಿಂದ, ನೀರು ನಿಂತ ಭತ್ತದ ಗದ್ದೆಯಿಂದ, ಕೊಳೆಯುವ ಕಸದಿಂದ, ಕಲ್ಲಿದ್ದಲು ಗಣಿಯಿಂದ, ತೈಲ ಬಾವಿಯಿಂದ ಬರುವುದು. ಇದು ಅಲ್ಪಾವಧಿ ಸಾಲ, ಸುಮಾರು 12 ವರ್ಷದಲ್ಲಿ ಕರಗುತ್ತದೆ. ಆದರೆ ಬಡ್ಡಿ ಭಾರಿ. ನೂರು ವರ್ಷದ ಲೆಕ್ಕ ಹಿಡಿದರೆ ಒಂದು ಕಿಲೋ ಮಿಥೇನ್ ಸುಮಾರು 28 ಕಿಲೋ ಇಂಗಾಲದ ಡೈಆಕ್ಸೈಡಿನಷ್ಟು ಕಾಯಿಸುತ್ತದೆ. ಮೂರನೆಯದು ನೈಟ್ರಸ್ ಆಕ್ಸೈಡ್. ಹೊಲಕ್ಕೆ ಹಾಕಿದ ಸಾರಜನಕ ಗೊಬ್ಬರದಿಂದ ಹುಟ್ಟುವುದು. ಸುಮಾರು ನೂರು ವರ್ಷ ಇರುತ್ತದೆ, ಒಂದು ಕಿಲೋ 270 ಕಿಲೋಕ್ಕೆ ಸಮ. ಇದು ಅವಧಿಯೂ ಉದ್ದ, ಬಡ್ಡಿಯೂ ಜಾಸ್ತಿ ಇರುವ ಖಾಸಗಿ ಸಾಲ ಎಂದು ತಿಳಿಯಿರಿ.

ಕಾರ್ಖಾನೆಗಳು ಶುರುವಾಗುವ ಮೊದಲು ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ಇಂಗಾಲದ ಡೈಆಕ್ಸೈಡ್ 280 ಪಾಲು ಇತ್ತು. ನಮ್ಮ ಸಂಘ ಹುಟ್ಟಿದ 2000ನೇ ಇಸ್ವಿಗೆ 370ರ ಆಸುಪಾಸಿಗೆ ಬಂದಿತ್ತು. 2024ಕ್ಕೆ 420 ದಾಟಿತು. ಅಂದರೆ ಸಂಘಕ್ಕೆ ಇಪ್ಪತ್ತೈದು ತುಂಬುವಷ್ಟರಲ್ಲಿ ಐವತ್ತು ಪಾಲು ಏರಿತು. ನಮ್ಮ ಠೇವಣಿ ಏರಿದ್ದಕ್ಕೆ ಚಪ್ಪಾಳೆ ತಟ್ಟಿದೆವು. ಇದು ಏರಿದ್ದಕ್ಕೆ ತಟ್ಟುವಂತಿಲ್ಲ.

ಈಗ ಬಾಕಿದಾರರ ಯಾದಿ. 2019ರಲ್ಲಿ ಇಡೀ ಜಗತ್ತು ಬಿಟ್ಟ ಹಸಿರುಮನೆ ಅನಿಲ, ಎಲ್ಲವನ್ನೂ ಇಂಗಾಲದ ಡೈಆಕ್ಸೈಡಿಗೆ ಸಮ ಮಾಡಿ ಹೇಳಿದರೆ, ಸುಮಾರು 5,900 ಕೋಟಿ ಟನ್. ಇದನ್ನು ನೂರು ರೂಪಾಯಿ ಎಂದು ಹಿಡಿಯೋಣ. ವಿಶ್ವಸಂಸ್ಥೆಯ ಹವಾಮಾನ ಸಮಿತಿ 2022ರಲ್ಲಿ ಕೊಟ್ಟ ಹಂಚಿಕೆ ಹೀಗಿದೆ: ವಿದ್ಯುತ್ ಮತ್ತು ಇತರೆ ಇಂಧನ ತಯಾರಿಕೆ 34 ರೂಪಾಯಿ, ಕೈಗಾರಿಕೆ 24, ಬೇಸಾಯ, ದನಕರು, ಕಾಡು ಕಡಿಯುವುದು ಸೇರಿ 22, ಲಾರಿ, ಮೋಟಾರು, ಹಡಗು, ವಿಮಾನ 15, ಮನೆ ಮತ್ತು ಕಟ್ಟಡಗಳೊಳಗೆ ಸುಡುವುದು 6. ಬಿಡಿ ಪೈಸೆ ಸರಿ ಮಾಡಿದ್ದರಿಂದ ಕೂಡಿಸಿದರೆ ಒಂದು ರೂಪಾಯಿ ಹೆಚ್ಚು ಬರುತ್ತದೆ. ಅದಕ್ಕೆ ಆಡಿಟರ್ ಸಾಹೇಬರು ಕ್ಷಮಿಸಬೇಕು.

ನಮ್ಮ ದೇಶದ ಲೆಕ್ಕ ಬೇರೆ. ಭಾರತ ಸರ್ಕಾರ ವಿಶ್ವಸಂಸ್ಥೆಗೆ ಒಪ್ಪಿಸಿದ 2020ನೇ ಸಾಲಿನ ವರದಿಯಂತೆ ನೂರರಲ್ಲಿ 76 ರೂಪಾಯಿಯಷ್ಟು ಇಂಧನ ಸುಡುವುದರಿಂದ, 14 ರೂಪಾಯಿಯಷ್ಟು ಬೇಸಾಯ ಮತ್ತು ದನಕರುಗಳಿಂದ, 8 ರೂಪಾಯಿ ಸಿಮೆಂಟು, ಉಕ್ಕು ಮುಂತಾದ ಕಾರ್ಖಾನೆಗಳ ತಯಾರಿಕೆಯಿಂದ, ಉಳಿದ ಎರಡೂವರೆ ರೂಪಾಯಿ ಕಸ ಮತ್ತು ಕೊಳಚೆಯಿಂದ. ಆ 76ರಲ್ಲಿ ಸುಮಾರು 40 ರೂಪಾಯಿ ವಿದ್ಯುತ್ ತಯಾರಿಕೆಯೊಂದರದ್ದೇ. ಅದರ ಮೂಲ ಕಲ್ಲಿದ್ದಲು.

ಕಲ್ಲಿದ್ದಲು ಎಂದಾಗ ಎಲ್ಲರ ಕಣ್ಣೂ ಕೂಡಗಿಯ ಕಡೆ ಹೋಯಿತು. ಅದನ್ನೂ ಮುಚ್ಚುಮರೆ ಇಲ್ಲದೆ ಹೇಳೋಣ. ನಮ್ಮ ಮಗ್ಗುಲಲ್ಲಿ ಎನ್.ಟಿ.ಪಿ.ಸಿ.ಯವರ ಶಾಖೋತ್ಪನ್ನ ಸ್ಥಾವರ ಇದೆ. 800 ಮೆಗಾವ್ಯಾಟಿನ ಮೂರು ಘಟಕ, ಒಟ್ಟು 2,400 ಮೆಗಾವ್ಯಾಟ್. 2017 ಮತ್ತು 2018ರಲ್ಲಿ ಒಂದೊಂದಾಗಿ ಉತ್ಪಾದನೆಗೆ ಬಂದವು. ನೀರು ಆಲಮಟ್ಟಿಯದು, ಕಲ್ಲಿದ್ದಲು ದೂರದ ರಾಜ್ಯಗಳಿಂದ ರೈಲಿನಲ್ಲಿ ಬರುವುದು, ಕರೆಂಟು ಕರ್ನಾಟಕಕ್ಕೂ ದಕ್ಷಿಣದ ಬೇರೆ ರಾಜ್ಯಗಳಿಗೂ ಹೋಗುವುದು. ಇದಕ್ಕೆ ಜಮೀನು ಹೋದದ್ದು, 2014ರ ಜುಲೈ ತಿಂಗಳಲ್ಲಿ ರೈತರು ಬೀದಿಗಿಳಿದದ್ದು, ಗೋಳಿಬಾರ್ ಆದದ್ದು ಇಲ್ಲಿ ಕೂತವರಿಗೆ ನಾವು ಹೇಳಬೇಕಾಗಿಲ್ಲ.

ಇಲ್ಲಿ ಎರಡು ಸಂಗತಿ ಬೇರೆ ಬೇರೆ ಮಾಡಬೇಕು. ಹಾರುಬೂದಿ ಬೇರೆ, ಹಸಿರುಮನೆ ಅನಿಲ ಬೇರೆ. ಬೂದಿ ಕಣ್ಣಿಗೆ ಕಾಣುತ್ತದೆ, ಎಲೆಯ ಮೇಲೆ ಕೂಡುತ್ತದೆ, ಎದೆಗೆ ಹೋಗುತ್ತದೆ. ಅದರ ತೊಂದರೆ ಹತ್ತಿರದವರಿಗೆ. ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಅದು ಕೂಡಗಿಯ ಮೇಲೆ ನಿಲ್ಲುವುದಿಲ್ಲ, ಜಗತ್ತಿನ ಗಾಳಿಯಲ್ಲೆಲ್ಲ ಬೆರೆಯುತ್ತದೆ. ನಮ್ಮೂರಿನ ಮಳೆಯನ್ನಷ್ಟೇ ಅದು ಓಡಿಸುತ್ತದೆ ಎಂಬುದು ತಪ್ಪು. ನಮ್ಮ ಮಳೆಗೂ ಅಮೆರಿಕದ ಬೆಂಕಿಗೂ ಕೂಡಿಯೇ ಅದರ ಪಾಲು ಹೋಗುತ್ತದೆ.

ಎಷ್ಟು ಹೋಗುತ್ತದೆ? ಒಂದು ಯುನಿಟ್ ಕರೆಂಟಿಗೆ ಇಂಥ ಸ್ಥಾವರದಲ್ಲಿ ಅರ್ಧ ಕಿಲೋಕ್ಕಿಂತ ಹೆಚ್ಚು, ಮುಕ್ಕಾಲು ಕಿಲೋಕ್ಕಿಂತ ಕಡಿಮೆ ಕಲ್ಲಿದ್ದಲು ಬೇಕು. ಅದರಿಂದ ಹೊರಡುವ ಇಂಗಾಲದ ಡೈಆಕ್ಸೈಡ್ ಸುಮಾರು 900 ಗ್ರಾಂ. ಸುಟ್ಟ ವಸ್ತುವಿಗಿಂತ ಹೊಗೆಯ ತೂಕ ಹೆಚ್ಚು ಹೇಗೆ ಎಂದು ನಾವೂ ಕೇಳಿದ್ದೆವು. ಸುಡುವಾಗ ಗಾಳಿಯ ಆಮ್ಲಜನಕ ಬಂದು ಕೂಡಿಕೊಳ್ಳುತ್ತದೆ. 12 ಕಿಲೋ ಇಂಗಾಲ 44 ಕಿಲೋ ಅನಿಲವಾಗುತ್ತದೆ. ಮೂರೂ ಘಟಕ ಪೂರ್ಣ ತಾಕತ್ತಿನಲ್ಲಿ ಒಂದು ದಿನ ನಡೆದರೆ 5 ಕೋಟಿ 76 ಲಕ್ಷ ಯುನಿಟ್. ದಿನಾಲೂ ಹಾಗೆ ನಡೆಯುವುದಿಲ್ಲ, ಆದರೆ ನಡೆದ ದಿನ 50 ಸಾವಿರ ಟನ್ನಿಗೆ ಕಡಿಮೆಯಿಲ್ಲದಷ್ಟು ಅನಿಲ ಗಾಳಿಗೆ ಸೇರುತ್ತದೆ.

ಇಷ್ಟು ಕೇಳಿದ ಮೇಲೆ “ಹಂಗಾದ್ರ ತಪ್ಪು ಅವರದಽ, ನಮ್ಮದೇನೈತಿ?” ಎಂದು ಅನಿಸುತ್ತದೆ. ನಮಗೂ ಅನಿಸಿತ್ತು. ಆದರೆ ಆ ಸ್ಥಾವರ ತನ್ನ ಸಲುವಾಗಿ ಸುಡುವುದಿಲ್ಲ. ನಮ್ಮ ಬೋರಿನ 5 ಎಚ್.ಪಿ. ಪಂಪು ತಾಸಿಗೆ ಸುಮಾರು 4 ಯುನಿಟ್ ಎಳೆಯುತ್ತದೆ. ಏಳು ತಾಸು ನಡೆದರೆ 28 ಯುನಿಟ್. ಗಾಳಿ, ಬಿಸಿಲು, ನೀರಿನ ಕರೆಂಟೂ ತಂತಿಯಲ್ಲಿ ಬೆರೆತಿರುವುದರಿಂದ ಯುನಿಟ್ಟಿಗೆ 700 ಗ್ರಾಂ ಹಿಡಿದರೂ ದಿನಕ್ಕೆ 20 ಕಿಲೋ ಅನಿಲ ನಮ್ಮ ಹೆಸರಿಗೆ ಬರುತ್ತದೆ. ಪಂಪಿನ ಬಿಲ್ಲು ನಮಗೆ ಬರುವುದಿಲ್ಲ, ಸರ್ಕಾರ ತುಂಬುತ್ತದೆ. ಬಿಲ್ಲು ಬಾರದ್ದಕ್ಕೆ ಸ್ವಿಚ್ ಆರಿಸುವ ನೆನಪೂ ಬರುವುದಿಲ್ಲ. ಆಟೋ ಸ್ಟಾರ್ಟರ್ ಹಾಕಿ ಮನೆಯಲ್ಲಿ ಮಲಗುತ್ತೇವೆ, ರಾತ್ರಿಯೆಲ್ಲ ನೀರು ಬದುವಿನಾಚೆ ಹರಿಯುತ್ತದೆ. ಇನ್ನೊಂದು ಮಾತು. ನಮ್ಮ ಮನೆಯ ಹುಡುಗನೂ ಆ ಸ್ಥಾವರದೊಳಗೆ ಗುತ್ತಿಗೆ ಕೆಲಸಕ್ಕೆ ಹೋಗುತ್ತಾನೆ. ಅವನ ಪಗಾರ ನಮ್ಮ ಮನೆಯ ಜೋಳದ ಚೀಲದ ಪಕ್ಕದಲ್ಲಿಯೇ ಇದೆ. ಹೀಗಿದ್ದು ಬರೀ ಬೈದು ಕೂಡ್ರುವುದು ಪ್ರಾಮಾಣಿಕತನ ಅಲ್ಲ.

ಉಳಿದ ಖಾತೆದಾರರನ್ನು ಬೇಗ ಬೇಗ ನೋಡೋಣ. ಡೀಸೆಲ್ ಒಂದು ಲೀಟರಿಗೆ 2 ಕಿಲೋ 680 ಗ್ರಾಂ ಅನಿಲ ಬಿಡುತ್ತದೆ. ಹೆದ್ದಾರಿಯ ಲಾರಿಗೂ ಅದೇ, ನಮ್ಮ ಟ್ರ್ಯಾಕ್ಟರಿಗೂ ಅದೇ. ಸಿಮೆಂಟಿನದು ವಿಚಿತ್ರ. ಕಲಬುರ್ಗಿ ಜಿಲ್ಲೆಯ ಸೇಡಂ, ವಾಡಿ ಕಡೆ ಸುಣ್ಣದ ಕಲ್ಲು ಕಾಯಿಸಿ ಸಿಮೆಂಟು ಮಾಡುತ್ತಾರೆ. ಅಲ್ಲಿ ಉರಿಸುವ ಕಲ್ಲಿದ್ದಲಿನಿಂದಷ್ಟೇ ಅಲ್ಲ, ಕಲ್ಲಿನೊಳಗಿಂದಲೇ ಅನಿಲ ಹೊರಡುತ್ತದೆ. ನೂರು ಕಿಲೋ ಶುದ್ಧ ಸುಣ್ಣದ ಕಲ್ಲು ಸುಟ್ಟರೆ 44 ಕಿಲೋ ಅನಿಲ. ತೋರಣಗಲ್ಲಿನಲ್ಲಿ ಉಕ್ಕು ಮಾಡುವುದಕ್ಕೂ ಕಲ್ಲಿದ್ದಲು ಬೇಕು. ನಾವು ಹೊಸ ಮನೆ ಕಟ್ಟಿಸಿದಾಗ ಈ ಎರಡೂ ಖಾತೆಯಲ್ಲಿ ನಮ್ಮ ಸಹಿ ಬಿದ್ದಿದೆ. ಆಲಮಟ್ಟಿಯ ಜಲವಿದ್ಯುತ್ 290 ಮೆಗಾವ್ಯಾಟಿಗೆ ಕಲ್ಲಿದ್ದಲಿನ ಹೊಗೆಯಿಲ್ಲ, ಅದು ಒಳ್ಳೆಯದು. ಆದರೂ ಮುಳುಗಡೆಯಾದ ನೆಲದ ಗಿಡಗಂಟಿ, ನೀರಿನಡಿ ಕೂತ ಹೂಳು ಕೊಳೆತಾಗ ಇಂಥ ಜಲಾಶಯಗಳಿಂದಲೂ ಮಿಥೇನ್ ಏಳುತ್ತದೆ.

ಈಗ ನಮ್ಮ ಕೊಟ್ಟಿಗೆಗೆ ಬರೋಣ. ಎಮ್ಮೆ, ಆಕಳು ಮೆಲುಕು ಹಾಕುವಾಗ ಹೊಟ್ಟೆಯೊಳಗಿನ ಸೂಕ್ಷ್ಮ ಜೀವಿಗಳು ಮೇವು ಕೊಳೆಸುತ್ತವೆ. ಅಲ್ಲಿ ಹುಟ್ಟಿದ ಮಿಥೇನ್ ತೇಗಿನಲ್ಲಿ ಹೊರಬರುತ್ತದೆ. ಬೆಳೆದ ಎಮ್ಮೆಯೊಂದು ವರ್ಷಕ್ಕೆ 50 ಕಿಲೋ ಆಸುಪಾಸು ಬಿಡುತ್ತದೆ. ನಮ್ಮ ದೇಶದ ಬೇಸಾಯದ ಬಾಕಿಯಲ್ಲಿ ದೊಡ್ಡ ಪಾಲು ಇದರದ್ದೇ. ಅದಕ್ಕೆಂದು ಎಮ್ಮೆ ಮಾರಿರಿ ಎಂದು ಹೇಳಲು ನಾವು ಬಂದಿಲ್ಲ; ಹೇಳಿದರೆ ಮನೆಯಲ್ಲಿ ನಮಗೆ ಚಹಾ ಸಿಗುವುದಿಲ್ಲ. ಒಣ ಕಣಿಕೆಯೊಂದನ್ನೇ ಹಾಕಿದರೆ ಲೀಟರ್ ಹಾಲಿನ ಲೆಕ್ಕದಲ್ಲಿ ಮಿಥೇನ್ ಹೆಚ್ಚು. ಕಣಿಕೆ ಕತ್ತರಿಸಿ, ಹಸಿ ಮೇವು, ಹಿಂಡಿ ಕೂಡಿಸಿ ಹಾಕಿದರೆ ಹಾಲು ಹೆಚ್ಚು, ಲೀಟರಿಗೆ ಅನಿಲ ಕಡಿಮೆ.

ಇನ್ನು ಯೂರಿಯಾ. ಇದು ನಮ್ಮ ಸಂಘದ ಗೋದಾಮಿನಿಂದಲೇ ಹೋಗುವ ಮಾಲು, ಆದ್ದರಿಂದ ಹೇಳಲೇಬೇಕು. 45 ಕಿಲೋ ಚೀಲದಲ್ಲಿ ಸುಮಾರು 21 ಕಿಲೋ ಸಾರಜನಕ. ಅದೆಲ್ಲ ಬೆಳೆಗೆ ಸಿಗುವುದಿಲ್ಲ. ಕೆಲವು ನೀರಿನೊಡನೆ ಕೆಳಗೆ, ಕೆಲವು ಗಾಳಿಗೆ. ಅದರಲ್ಲಿ ನೈಟ್ರಸ್ ಆಕ್ಸೈಡ್ ಆಗುವುದು ಚೀಲಕ್ಕೆ ಕಾಲು ಕಿಲೋ ಆಸುಪಾಸು. ಕಾಲು ಕಿಲೋ ಎಷ್ಟೆಂದು ನಗಬೇಡಿರಿ, ಅದು 70 ಕಿಲೋ ಇಂಗಾಲದ ಡೈಆಕ್ಸೈಡಿಗೆ ಸಮ. ಮೇಲಾಗಿ ಆ ಚೀಲ ತಯಾರಿಸಲು ಕಾರ್ಖಾನೆಯಲ್ಲಿ ನೈಸರ್ಗಿಕ ಅನಿಲ ಸುಟ್ಟದ್ದು ಬೇರೆ. 2015ರಿಂದ ಎಲ್ಲ ಯೂರಿಯಾಕ್ಕೂ ಬೇವಿನೆಣ್ಣೆ ಲೇಪಿಸಿದ್ದಾರೆ, ಸಾವಕಾಶ ಕರಗಲಿ ಎಂದು. ಅದರ ಲಾಭ ಪಡೆಯದೆ, ಪಕ್ಕದವನು ಎರಡು ಚೀಲ ಹಾಕಿದ ಎಂದು ನಾವು ಮೂರು ಹಾಕುತ್ತೇವೆ.

ಕೊನೆಯದು ಕಬ್ಬಿನ ರವದಿ. ಇಲ್ಲಿ ನಾವು ನಮ್ಮ ತಪ್ಪನ್ನೇ ಒಪ್ಪಿಕೊಳ್ಳಬೇಕು. ಕೆಲವು ವರ್ಷದ ಹಿಂದೆ ಕಬ್ಬು ಕಡಿಸಿದ ಮೇಲೆ ಮೂಡಗಾಳಿಯ ಹೊತ್ತಿನಲ್ಲಿ ರವದಿಗೆ ಕಡ್ಡಿ ಗೀರಿದೆವು. ಬೆಂಕಿ ಬದು ಹಾರಿ ಪಕ್ಕದ ಹೊಲದ ಡ್ರಿಪ್ ಪೈಪು ಸುಟ್ಟಿತು. ಬದುವಿನ ಮೇಲೆ ನಮ್ಮ ತಂದೆಯವರು ಹಚ್ಚಿದ ಎರಡು ಬೇವಿನ ಗಿಡವೂ ಹೋದವು. ಪೈಪಿನ ಹಣ ಹಿರಿಯರ ಮುಂದೆ ಎಣಿಸಿ ಕೊಟ್ಟೆವು. ಬೇವಿನ ಗಿಡದ ಹಣ ಯಾರಿಗೆ ಕೊಡುವುದು? ರವದಿ ಸುಟ್ಟಾಗ ಬರುವ ಇಂಗಾಲದ ಡೈಆಕ್ಸೈಡನ್ನು ಮುಂದಿನ ಬೆಳೆ ಮರಳಿ ಹೀರಿಕೊಳ್ಳುತ್ತದೆ. ಆದ್ದರಿಂದ ಅದನ್ನು ಕಲ್ಲಿದ್ದಲಿನ ಸಾಲಿನಲ್ಲಿ ಬರೆಯುವುದಿಲ್ಲ. ಆದರೆ ಅರೆಬೆಂದ ಹೊಗೆಯಲ್ಲಿನ ಮಿಥೇನ್, ನೈಟ್ರಸ್ ಆಕ್ಸೈಡ್ ಬಾಕಿಯೇ. ರವದಿಯಲ್ಲಿದ್ದ ಸಾರಜನಕವೂ ಹೊಗೆಯಾಗಿ ಹೋಗುತ್ತದೆ. ಅದನ್ನೇ ಮರುವಾರ ಯೂರಿಯಾ ಚೀಲದಲ್ಲಿ ಕೊಳ್ಳಲು ಸಂಘದ ಮುಂದೆ ಪಾಳಿ ಹಚ್ಚುತ್ತೇವೆ. ಮನೆಯ ಗೋದಿ ಸುಟ್ಟು ಸಂತೆಯಲ್ಲಿ ಹಿಟ್ಟು ಕೊಂಡಂತೆ ಆಯಿತು.

ಈಗ ನ್ಯಾಯದ ಮಾತು. ನಮ್ಮ ದೇಶದವನೊಬ್ಬನು ವರ್ಷಕ್ಕೆ ಸರಾಸರಿ ಸುಮಾರು 2 ಟನ್ ಇಂಗಾಲದ ಡೈಆಕ್ಸೈಡಿಗೆ ಕಾರಣ. ಅಮೆರಿಕದವನು ಸುಮಾರು 14 ಟನ್. ಮುಂಗಾರಿಯಲ್ಲಿ ತೊಗರಿ, ಹಿಂಗಾರಿಯಲ್ಲಿ ಬಿಳಿಜೋಳ ಬಿತ್ತುವ ನಮ್ಮ ಒಣಬೇಸಾಯದವನದು ಇನ್ನೂ ಕಡಿಮೆ. ಎಲೆಯ ಗಾದೆ ಎಲ್ಲರಿಗೂ ಗೊತ್ತು: ತನ್ನೆಲೆಯ ಹೆಗ್ಗಣ ಬಿಟ್ಟು ಪರರ ಎಲೆಯ ನೊಣ ಹೊಡೆಯುವವರ ಕಥೆ. ಇಲ್ಲಿ ಹೆಗ್ಗಣ ಬಿದ್ದಿರುವುದು ದೊಡ್ಡವರ ಎಲೆಯಲ್ಲಿ, ನಮ್ಮ ಎಲೆಯಲ್ಲಿರುವುದು ನೊಣ. ಹೆಗ್ಗಣ ಮೊದಲು ತೆಗೆಯಲಿ ಎಂದು ಕೇಳುವುದು ನಮ್ಮ ಹಕ್ಕು, ಕೇಳೋಣ. ಆದರೆ ನೊಣ ಬಿದ್ದ ಅನ್ನವನ್ನು ಉಣ್ಣುವವರೂ ನಾವೇ ಅಲ್ಲವೆ?

ಸಂಘದಲ್ಲಿ ಇಪ್ಪತ್ತೈದು ವರ್ಷ ನಾವು ಕಲಿತ ಪಾಠ ಒಂದೇ. ದೊಡ್ಡ ಸಾಲಗಾರ ಕಟ್ಟಿಲ್ಲ ಎಂದು ಸಣ್ಣ ಸಾಲಗಾರರೂ ಕೈ ಕಟ್ಟಿ ಕೂತರೆ ಮುಳುಗುವುದು ದೊಡ್ಡವನಲ್ಲ, ಸಂಘ. 1905ರಲ್ಲಿ ಗದಗ ತಾಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಹಕಾರಿ ಸಂಘ ಕಟ್ಟಿದಾಗ ಸಾಹುಕಾರರೆಲ್ಲ ಸುಧಾರಿಸಲಿ ಎಂದು ಕಾಯಲಿಲ್ಲ. 2023ರ ಬರದಲ್ಲಿ ರಾಜ್ಯದ 236 ತಾಲೂಕುಗಳಲ್ಲಿ 223 ಬರಪೀಡಿತ ಎಂದು ಸರ್ಕಾರ ಸಾರಿತು. ಆ ಒಂದು ಬರ ಇದರಿಂದಲೇ ಬಂತೆಂದು ನಾವು ಹೇಳುವುದಿಲ್ಲ, ಬರ ನಮಗೆ ಹೊಸದಲ್ಲ. ಆದರೆ ಭೂಮಿ ಕಾದಂತೆ ನೆಲದ ಹಸಿ ಬೇಗ ಆರುತ್ತದೆ, ಬಂದರೆ ಒಮ್ಮೆಲೇ ಬಡಿಯುವ ಮಳೆ ಹೆಚ್ಚುತ್ತದೆ. ಆ ವರ್ಷ ಬೆಳೆಸಾಲ ನವೀಕರಣಕ್ಕೆ ಬಂದ ಸದಸ್ಯರ ಮುಖ ನಾವು ಮೇಜಿನ ಈಚೆಯಿಂದ ನೋಡಿದ್ದೇವೆ. ಸರ್ಕಾರ ಸಾಲ ಮನ್ನಾ ಮಾಡಬಹುದು. ಆಕಾಶ ಮನ್ನಾ ಮಾಡುವುದಿಲ್ಲ.

ಆದ್ದರಿಂದ ಈ ಸಭೆಯ ಮುಂದೆ ನಾಲ್ಕು ಸೂಚನೆ ಇಡುತ್ತೇವೆ. ಒಂದು, ಮಣ್ಣು ಪರೀಕ್ಷೆಯ ಚೀಟಿ ನೋಡಿ, ಬೆಳೆಗೆ ಬೇಕಾದಷ್ಟೇ ಯೂರಿಯಾ, ಅದೂ ಕಂತು ಕಂತಾಗಿ. ವಿಜಯಪುರದ ಕೃಷಿ ವಿಜ್ಞಾನ ಕೇಂದ್ರದವರನ್ನು ಕರೆಸೋಣ. ತೊಗರಿ, ಕಡಲೆಯ ಬೇರಿನ ಗಂಟು ಗಾಳಿಯ ಸಾರಜನಕವನ್ನು ಪುಕ್ಕಟೆ ಹಿಡಿದು ಕೊಡುತ್ತದೆ. ಬೀಜಕ್ಕೆ ಹಚ್ಚುವ ರೈಜೋಬಿಯಂ ಪಾಕೀಟನ್ನು ಸಂಘದಲ್ಲಿಯೇ ಮಾರೋಣ. ಎರಡು, ರವದಿ ಪುಡಿ ಮಾಡುವ ಯಂತ್ರವೊಂದನ್ನು ಸಂಘದಿಂದ ಕೊಂಡು ಬಾಡಿಗೆಗೆ ಕೊಡೋಣ. ಮೂರು, ನಿಂತುಹೋದ ಗೋಬರ್ ಗ್ಯಾಸಿನ ಗುಂಡಿ ದುರಸ್ತಿಗೆ ಸಣ್ಣ ಸಾಲ ಕೊಡೋಣ. ನಮ್ಮ ಹಿತ್ತಲಿನದರಲ್ಲಿ ಈಗ ಕೋಳಿ ಮಲಗುತ್ತವೆ, ಮೊದಲ ಅರ್ಜಿ ನಮ್ಮದೇ. ನಾಲ್ಕು, ಆಟೋ ಸ್ಟಾರ್ಟರ್ ತೆಗೆದು ಹನಿ ನೀರಾವರಿ, ಸಾಧ್ಯವಿದ್ದವರು ಕೇಂದ್ರದ ಕುಸುಮ್ ಯೋಜನೆಯಲ್ಲಿ ಸೌರ ಪಂಪು.

ಇದರಲ್ಲಿ ಸಂಘಕ್ಕೆ ನಷ್ಟವಿಲ್ಲವೆ? ಇದೆ. ಯೂರಿಯಾ ಕಡಿಮೆ ಮಾರಿದರೆ ನಮ್ಮ ಕಮಿಷನ್ ಕಡಿಮೆ. ನಿರ್ದೇಶಕ ಮಂಡಳಿಯಲ್ಲಿ ಈ ಮಾತು ತೆಗೆದಾಗ ಮಿತ್ರರೊಬ್ಬರು, “ಅಂಗಡಿಯಾಗ ಕೂತು ಗಿರಾಕಿಗೆ ಒಯ್ಯಬ್ಯಾಡ ಅನ್ನಾಂವ ನೀನೊಬ್ಬನಽ” ಎಂದರು. ಸಾಹುಕಾರನ ಅಂಗಡಿಯಾಗಿದ್ದರೆ ಅವರ ಮಾತು ಖರೆ. ಇದು ನಮ್ಮದೇ ಸಂಘ. ಇಲ್ಲಿ ಗಿರಾಕಿಯೂ ನಾವೇ, ಮಾಲಕರೂ ನಾವೇ. ಸದಸ್ಯನ ಕಿಸೆಯಲ್ಲಿ ಉಳಿದ ರೂಪಾಯಿ ಸಂಘಕ್ಕೆ ನಷ್ಟವೆಂದು ಬರೆಯುವ ಪದ್ಧತಿ ನಮ್ಮಲ್ಲಿ ಬರಬಾರದು.

ಕಾಕಾ, ಕಾಣಲಾರದ್ದು ಹೆಂಗ ಕಂಡಿತು ಎಂದು ಕೇಳಿದಿರಲ್ಲ, ಅದು ಲೆಕ್ಕದಲ್ಲಿ ಕಂಡಿತು. ಲೆಕ್ಕ ನೋಡಿದ ಮೇಲೆ ಕೂಡಗಿಯ ಕಡೆ ಕೈ ಮಾಡುವುದನ್ನು ನಾವು ಬಿಟ್ಟಿಲ್ಲ. ಆದರೆ ಮೊದಲು ನಮ್ಮ ಪಂಪಿನ ಸ್ವಿಚ್ ಆರಿಸಿ ಬಂದು, ಆಮೇಲೆ ಕೈ ಮಾಡುತ್ತೇವೆ.

 ಮಾತಿನಲ್ಲಿ ತಪ್ಪಿದ್ದರೆ ನಿಮ್ಮವನೆಂದು ಹೊಟ್ಟೆಗೆ ಹಾಕಿಕೊಳ್ಳಿರಿ. ನಾಲ್ಕು ಸೂಚನೆಗಳನ್ನು ಮಾತ್ರ ಹೊಟ್ಟೆಗೆ ಹಾಕಿಕೊಳ್ಳದೆ, ಬರುವ ಸರ್ವಸಾಧಾರಣ ಸಭೆಯಲ್ಲಿ ಕೈಯೆತ್ತಿ ಪಾಸು ಮಾಡಿರಿ.

ಜೈ ಸಹಕಾರ, ಜೈ ಕರ್ನಾಟಕ.